ನಂದಳಿಕೆಯ ಡ್ರಿಲ್ ಮಾಷ್ಟ್ರು

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬೇಕು ಎಂದು ಸಮಿತಿಯವರು ಫೋನ್ ಮಾಡಿದಾಗ, ಹೇಗೂ ಇಂಜಿನಿಯರ್ ಅಲ್ಲವೇ, ಕಂಪ್ಯೂಟರ್ ಬಗ್ಗೆ ಏನಾದರೂ ಬರೆಯಿರಿ ಎಂದಿದ್ದರು. ಆ ವಿಷಯ ನನಗಿಂತ ಚೆನ್ನಾಗಿ ಬಲ್ಲ ಮಕ್ಕಳು ಈಗ ನಮ್ಮ ಶಾಲೆಯಲ್ಲೇ ಇದ್ದಾರೆ. ನಾನು ಬರೆಯಲು ಹೊರಟಿರುವುದು ನೂರಿಪ್ಪತ್ತು ವರ್ಷಕ್ಕೂ ಹಿಂದೆ ತೀರಿಕೊಂಡ ಒಬ್ಬ ಡ್ರಿಲ್ ಮಾಷ್ಟ್ರ ಬಗ್ಗೆ. ಅವರ ಹೆಸರು ಲಕ್ಷ್ಮೀನಾರಾಣಪ್ಪ. ಊರು ಕಾರ್ಕಳ ತಾಲೂಕಿನ ನಂದಳಿಕೆ. ಮನೆಯಲ್ಲಿ ಮುದ್ದಿನಿಂದ ಕರೆದ ಹೆಸರು ಮುದ್ದಣ.

ಮುದ್ದಣ ಎಂದೊಡನೆ ಹೈಸ್ಕೂಲಿನ ಕನ್ನಡ ಪಾಠ ನೆನಪಾಗುತ್ತದೆ. ಮುದ್ದಣ ಮತ್ತು ಮನೋರಮೆಯರ ಸಲ್ಲಾಪವನ್ನು ನಮ್ಮ ಕನ್ನಡ ಪಂಡಿತರು ಎರಡೂ ಧ್ವನಿಯಲ್ಲಿ ಓದುತ್ತಿದ್ದರು. ಹುಡುಗರು ಬೆಂಚಿನಡಿ ತಲೆ ಹಾಕಿ ನಗುತ್ತಿದ್ದರು. ಪರೀಕ್ಷೆಗೆ ಕವಿಪರಿಚಯದ ನಾಲ್ಕು ಸಾಲು ಬಾಯಿಪಾಠ ಮಾಡಿದ್ದೆವು. ಅವರು ಯಕ್ಷಗಾನ ಪ್ರಸಂಗ ಬರೆದವರು ಎಂಬುದೂ ಆ ನಾಲ್ಕು ಸಾಲಿನಲ್ಲಿತ್ತು. ಅದಕ್ಕೂ ನಾವು ಓದುತ್ತಿದ್ದ ಪಾಠಕ್ಕೂ ಏನು ಸಂಬಂಧ ಎಂದು ಆಗ ಯಾರೂ ಕೇಳಲಿಲ್ಲ. ಆ ಪ್ರಶ್ನೆ ನನ್ನಲ್ಲಿ ಎದ್ದದ್ದು ಬೆಂಗಳೂರಿನಲ್ಲಿ, ಕೆಲಸಕ್ಕೆ ಸೇರಿ ಎಂಟು ವರ್ಷ ಕಳೆದ ಮೇಲೆ.

ಕವಿಗಳನ್ನು ಏಕವಚನದಲ್ಲಿ ಕರೆಯುವುದು ಕನ್ನಡದ ರೂಢಿ. ಪಂಪ ಬರೆದ, ಕುಮಾರವ್ಯಾಸ ಹಾಡಿದ ಎನ್ನುತ್ತೇವೆ. ಆದರೆ ಮಾಷ್ಟ್ರನ್ನು ಏಕವಚನದಲ್ಲಿ ಕರೆಯಲು ನನಗೆ ನಾಲಿಗೆ ಹೊರಳುವುದಿಲ್ಲ. ಹಾಗಾಗಿ ಇಲ್ಲಿ ಉದ್ದಕ್ಕೂ ಬಹುವಚನವೇ ಇರಲಿ.

ಮುದ್ದಣ ಹುಟ್ಟಿದ್ದು 1870ರ ಜನವರಿ 24ರಂದು. ತಂದೆ ಪಾಠಾಳಿ ತಿಮ್ಮಪ್ಪಯ್ಯ, ತಾಯಿ ಮಹಾಲಕ್ಷ್ಮಮ್ಮ. ಮನೆ ಬಡತನದ್ದು. ಆಗ ನಮ್ಮ ಕರಾವಳಿ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಘಟ್ಟ ಹತ್ತಿದರೆ ಮೈಸೂರು ಸಂಸ್ಥಾನ, ಬೇರೆಯೇ ಆಡಳಿತ. ಈ ಮಾತು ಮುಂದೆ ಬೇಕಾಗುತ್ತದೆ.

ನಂದಳಿಕೆ ಎಂದರೆ ನಮ್ಮ ಕಡೆಯವರಿಗೆ ಸಿರಿ ಜಾತ್ರೆ. ವರ್ಷಕ್ಕೊಮ್ಮೆ ಹುಣ್ಣಿಮೆಯ ರಾತ್ರಿ ಹೆಂಗಸರು ಕೈಯಲ್ಲಿ ಹಿಂಗಾರ ಹಿಡಿದು ಸಾಲಾಗಿ ನಿಲ್ಲುತ್ತಾರೆ. ಸಿರಿಯ ಪಾಡ್ದನ ಹಾಡುತ್ತ ಹಾಡುತ್ತ ತಾವೇ ಸಿರಿಯಾಗಿಬಿಡುತ್ತಾರೆ. ಅಲ್ಲಿ ಹಾಡುವವರು ಬೇರೆ, ಕಥೆಯೊಳಗಿನವರು ಬೇರೆ ಅಲ್ಲ. ಭೂತದ ಕೋಲದಲ್ಲೂ ಹಾಗೆಯೇ: ಪಾಡ್ದನದಲ್ಲಿ ದೈವದ ಹುಟ್ಟಿನ ಕಥೆ ಬರುತ್ತದೆ, ಗಗ್ಗರ ಕಟ್ಟಿದ ಮೇಲೆ ದೈವವೇ ಎದುರು ನಿಂತು ಮಾತಾಡುತ್ತದೆ. ಸುಗ್ಗಿ ಕಳೆದ ಗದ್ದೆಗಳಲ್ಲಿ ದೊಂದಿಯ ಬೆಳಕಿನಲ್ಲಿ ಬೆಳಗಿನವರೆಗೆ ಬಯಲಾಟ. ಇಂಥ ಊರಿನಲ್ಲಿ ಬೆಳೆಯುವ ಹುಡುಗನಿಗೆ ಕಥೆ ಎಂದರೆ ಪುಸ್ತಕದಲ್ಲಿ ಇರುವಂಥದ್ದಲ್ಲ. ಅದು ಕುಣಿಯುತ್ತದೆ, ಕೂಗುತ್ತದೆ, ಎದುರು ನಿಂತವರನ್ನು ಪ್ರಶ್ನೆ ಕೇಳುತ್ತದೆ.

ಊರಿನ ಶಾಲೆ ಮುಗಿಸಿ ಮುದ್ದಣ ಉಡುಪಿಗೆ ಹೋದರು. ಇಂಗ್ಲಿಷ್ ಓದು ಬಡತನದಿಂದಾಗಿ ಮುಂದುವರಿಯಲಿಲ್ಲ. ಶಿಕ್ಷಕರ ತರಬೇತಿ ಮುಗಿಸಿದರು. ಅಂಗಸಾಧನೆಯಲ್ಲಿ ಆಸಕ್ತಿ ಇದ್ದುದರಿಂದ ವ್ಯಾಯಾಮ ಶಿಕ್ಷಣದ ತರಬೇತಿಗೆಂದು ಮದರಾಸಿಗೆ ಹೋಗಿ ಬಂದು, ಉಡುಪಿಯಲ್ಲಿಯೂ ಕುಂದಾಪುರದಲ್ಲಿಯೂ ಡ್ರಿಲ್ ಮಾಷ್ಟ್ರಾಗಿ ಕೆಲಸ ಮಾಡಿದರು. ಉಡುಪಿಯಲ್ಲಿ ಮಳಲಿ ಸುಬ್ಬರಾಯರೆಂಬ ವಿದ್ವಾಂಸರ ಒಡನಾಟ ಸಿಕ್ಕಿ ಹಳಗನ್ನಡ ಕಾವ್ಯಗಳ ರುಚಿ ಹತ್ತಿತು.

ಶಾಲೆಯಲ್ಲಿ ಡ್ರಿಲ್ ಮಾಷ್ಟ್ರ ಸ್ಥಾನ ಎಂಥದ್ದೆಂದು ನಮಗೆ ಗೊತ್ತು. ಬೆಲ್ ಹೊಡೆಸುವುದು, ಸಾಲು ನಿಲ್ಲಿಸುವುದು, ಸ್ವಾತಂತ್ರ್ಯ ದಿನಾಚರಣೆಯ ಕವಾಯತು, ಬೇರೆ ಮಾಷ್ಟ್ರು ರಜೆ ಹಾಕಿದರೆ ಆ ತರಗತಿಯ ಗಲಾಟೆ ಅಡಗಿಸುವುದು. ಕ್ರೀಡಾಕೂಟದ ಒಂದು ವಾರ ಬಿಟ್ಟರೆ ಅವರನ್ನು ವಿದ್ವಾಂಸರೆಂದು ಯಾರೂ ಎಣಿಸುವುದಿಲ್ಲ. 1890ರ ಸುಮಾರಿಗೆ ಪರಿಸ್ಥಿತಿ ಇದಕ್ಕಿಂತ ಚೆನ್ನಾಗಿತ್ತು ಎಂದು ನಂಬಲು ನನಗೆ ಕಾರಣ ಕಾಣುವುದಿಲ್ಲ.

ಈ ಡ್ರಿಲ್ ಮಾಷ್ಟ್ರು ಮೊದಲು ಬರೆದದ್ದು ಕಾವ್ಯವನ್ನಲ್ಲ, ಯಕ್ಷಗಾನ ಪ್ರಸಂಗವನ್ನು. ಒಂದು ರತ್ನಾವತೀ ಕಲ್ಯಾಣ, ಇನ್ನೊಂದು ಕುಮಾರವಿಜಯ. ಮೊದಲನೆಯದು ರಾಜಕುಮಾರಿಯೊಬ್ಬಳ ಪ್ರೇಮ ಮತ್ತು ಮದುವೆಯ ಕಥೆ. ಎರಡನೆಯದು ಶಿವನ ಮಗ ಷಣ್ಮುಖ ಅಸುರರನ್ನು ಗೆದ್ದ ಕಥೆ.

ಪ್ರಸಂಗ ಎಂದರೆ ಏನು ಎಂದು ಘಟ್ಟದ ಮೇಲಿನ ಓದುಗರಿಗಾಗಿ ಸ್ವಲ್ಪ ಹೇಳಬೇಕು. ನಮ್ಮ ಅಜ್ಜನ ಟ್ರಂಕಿನಲ್ಲಿ ಉಡುಪಿಯಲ್ಲಿ ಅಚ್ಚಾದ ತೆಳ್ಳಗಿನ ಪ್ರಸಂಗ ಪುಸ್ತಕಗಳಿದ್ದವು. ತೆರೆದರೆ ನಾಟಕದಂತೆ ಸಂಭಾಷಣೆ ಇರುವುದಿಲ್ಲ. ಇರುವುದು ಪದಗಳು ಮಾತ್ರ, ಅಂದರೆ ಹಾಡುಗಳು. ಪ್ರತಿ ಪದದ ನೆತ್ತಿಯ ಮೇಲೆ ರಾಗದ ಹೆಸರು, ತಾಳದ ಹೆಸರು. ಸಾವೇರಿ, ಏಕತಾಳ. ಮಧ್ಯಮಾವತಿ, ತ್ರಿವುಡೆ. ನಡುನಡುವೆ ಕಂದ, ವೃತ್ತ, ಭಾಮಿನಿ, ವಾರ್ಧಕ, ದ್ವಿಪದಿ. ಪದವನ್ನು ಭಾಗವತರು ಹಾಡುತ್ತಾರೆ, ಮದ್ದಳೆ ಮತ್ತು ಚೆಂಡೆ ಜತೆಗೂಡುತ್ತವೆ, ವೇಷಧಾರಿ ಅದಕ್ಕೆ ಕುಣಿಯುತ್ತಾನೆ. ಹಾಡು ಮುಗಿದ ಮೇಲೆ ಅದರ ಅರ್ಥವನ್ನು ತನ್ನ ಸ್ವಂತ ಮಾತಿನಲ್ಲಿ ಹೇಳುತ್ತಾನೆ. ಆ ಮಾತು ಎಲ್ಲಿಯೂ ಬರೆದಿರುವುದಿಲ್ಲ. ಇವತ್ತು ಹೇಳಿದ ಕರ್ಣ ನಾಳೆ ಬೇರೆ ಊರಿನಲ್ಲಿ ಬೇರೆಯೇ ಮಾತಾಡಿಯಾನು. ಈ ಮಾತಿಗೆ ನಮ್ಮಲ್ಲಿ ಅರ್ಥ ಎಂದೇ ಹೆಸರು, ಹೇಳುವವರು ಅರ್ಥಧಾರಿಗಳು. ಹಾಡಿನಲ್ಲಿ ಅರ್ಥವಿದೆ, ಅದನ್ನು ಯಾರಾದರೂ ಎದ್ದುನಿಂತು ಹೇಳಬೇಕು ಎಂಬ ತಿಳುವಳಿಕೆ ಆ ಹೆಸರಿನಲ್ಲೇ ಇದೆ.

ಆದ್ದರಿಂದ ಪ್ರಸಂಗಕರ್ತ ಬರೆಯುವುದು ಅರ್ಧ ನಾಟಕ. ಉಳಿದರ್ಧವನ್ನು ಅವನು ಇತರರಿಗೆ ಬಿಟ್ಟುಕೊಡಬೇಕು. ಎಲ್ಲಿ ನಿಲ್ಲಿಸಿದರೆ ಮಾತಿಗೆ ಜಾಗ ಸಿಗುತ್ತದೆ, ಯಾವ ತಾಳ ಹಿಡಿದರೆ ಕಾಲಿಗೆ ಕೆಲಸ ಸಿಗುತ್ತದೆ ಎಂದು ಅವನಿಗೆ ಗೊತ್ತಿರಬೇಕು.

ಕಾವ್ಯ ಓದುವಾಗ ಬೆರಳಲ್ಲಿ ಮಾತ್ರೆ ಎಣಿಸುವ ಚಟ ನನಗಿದೆ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಕಂಪನಿಯ ಬಸ್ಸಿನಲ್ಲಿ ಕೂತವನಿಗೆ ಬೇರೆ ಕೆಲಸವೂ ಇರುವುದಿಲ್ಲ. ಹೈಸ್ಕೂಲಿನಲ್ಲಿ ಪ್ರಸ್ತಾರ ಹಾಕಿದ ಭಾಮಿನಿ ಷಟ್ಪದಿಯ ಸಾಲು ಮೂರು ಮತ್ತು ನಾಲ್ಕು ಮಾತ್ರೆಗಳ ಗಣಗಳಲ್ಲಿ ನಡೆಯುತ್ತದೆ. ಮೂರು, ನಾಲ್ಕು, ಮೂರು, ನಾಲ್ಕು. ಯಕ್ಷಗಾನದ ತ್ರಿವುಡೆ ತಾಳಕ್ಕೆ ಏಳು ಎಣಿಕೆ, ಅದೇ ಮೂರು ಮತ್ತು ನಾಲ್ಕು. ವಾರ್ಧಕ ಷಟ್ಪದಿಯ ಗಣಗಳು ಐದೈದು ಮಾತ್ರೆಯವು. ಝಂಪೆ ತಾಳಕ್ಕೆ ಹತ್ತು ಎಣಿಕೆ, ಎರಡು ಐದು. ಪರೀಕ್ಷೆಯ ಎರಡು ಅಂಕಕ್ಕೆಂದು ಕಲಿತ ಛಂದಸ್ಸೂ ಗದ್ದೆಯಲ್ಲಿ ರಾತ್ರಿಯಿಡೀ ಕೇಳಿದ ಚೆಂಡೆಯೂ ಒಂದೇ ಲೆಕ್ಕದ ಮೇಲೆ ನಿಂತಿವೆ ಎಂದು ತಿಳಿದ ದಿನ ನನಗೆ ನಿಜಕ್ಕೂ ಖುಷಿಯಾಯಿತು. ವಿದ್ವಾಂಸರಿಗೆ ಇದು ಹಳೆಯ ಸಂಗತಿ, ಬಲ್ಲೆ. ಷಟ್ಪದಿ ಹುಟ್ಟಿದ್ದು ಕಣ್ಣಿನಿಂದ ಓದುವುದಕ್ಕಲ್ಲ, ಹಾಡುವುದಕ್ಕೆ. ನಾವು ಅದನ್ನು ಕರಿಹಲಗೆಯ ಮೇಲೆ ಮೊದಲು ನೋಡಿದೆವು, ಅಷ್ಟೆ. ಹಗಲಿಡೀ ಮೈದಾನದಲ್ಲಿ ಮಕ್ಕಳ ಹೆಜ್ಜೆ ಎಣಿಸುತ್ತಿದ್ದ ಮಾಷ್ಟ್ರಿಗೆ ತಾಳ ಬೇರೆಯಾಗಿ ಕಲಿಸಬೇಕಾದ ವಿದ್ಯೆ ಆಗಿರಲಿಲ್ಲವೆಂದು ನನ್ನ ಎಣಿಕೆ. ಮುಂದೆ ಅವರು ಬರೆದ ಶ್ರೀರಾಮ ಪಟ್ಟಾಭಿಷೇಕ ಎಂಬ ಕಾವ್ಯ ವಾರ್ಧಕ ಷಟ್ಪದಿಯಲ್ಲಿದೆ. ಜೋರಾಗಿ ಓದಿ ನೋಡಿ, ಕೈ ತಾನಾಗಿ ತೊಡೆಯ ಮೇಲೆ ಬೀಳುತ್ತದೆ.

ಈಗ ಅವರ ಬದುಕಿನ ವಿಚಿತ್ರ ಭಾಗಕ್ಕೆ ಬರೋಣ. ಆ ಕಾಲದಲ್ಲಿ ಮೈಸೂರಿನಲ್ಲಿ ಎಂ. ಎ. ರಾಮಾನುಜಯ್ಯಂಗಾರ್ಯರು ಮತ್ತು ಎಸ್. ಜಿ. ನರಸಿಂಹಾಚಾರ್ಯರು ಕಾವ್ಯಮಂಜರಿ ಎಂಬ ಮಾಸಪತ್ರಿಕೆಯಲ್ಲಿ ಹಳೆಯ ಕನ್ನಡ ಕಾವ್ಯಗಳನ್ನು ಹುಡುಕಿ ಹುಡುಕಿ ಅಚ್ಚು ಹಾಕಿಸುತ್ತಿದ್ದರು. ಓಲೆಗರಿಯಲ್ಲಿ ಹುಳು ಹಿಡಿಯುತ್ತಿದ್ದ ಎಷ್ಟೋ ಗ್ರಂಥಗಳು ಅವರ ಶ್ರಮದಿಂದ ಉಳಿದವು. ಮುದ್ದಣ ಅದ್ಭುತ ರಾಮಾಯಣ ಎಂಬ ಗದ್ಯಕೃತಿಯನ್ನು ಬರೆದು, ಇದು ತಮಗೆ ಸಿಕ್ಕ ಹಳೆಯ ಗ್ರಂಥ ಎಂದು ಹೇಳಿ ಅಂಚೆಯಲ್ಲಿ ಮೈಸೂರಿಗೆ ಕಳಿಸಿದರು. 1895ರಲ್ಲಿ ಅದು ಅಚ್ಚಾಯಿತು. ಮರುವರ್ಷ ಶ್ರೀರಾಮ ಪಟ್ಟಾಭಿಷೇಕ ಅಚ್ಚಾಯಿತು. ಅದನ್ನು ಅವರು ತಮ್ಮ ತಾಯಿ ಮಹಾಲಕ್ಷ್ಮಿಯ ಹೆಸರಿನಲ್ಲಿ ಕಳಿಸಿದ್ದರು. ಆಮೇಲೆ ಶ್ರೀರಾಮಾಶ್ವಮೇಧ, ಅದೂ ಹಳೆಯ ಕವಿಯೊಬ್ಬನದೆಂಬಂತೆ. ಮೈಸೂರಿನ ವಿದ್ವಾಂಸರು ನಂಬಿದರು. ಅವರ ಹಳಗನ್ನಡ ಅಷ್ಟು ಪಕ್ವವಾಗಿತ್ತು.

ಹೀಗೇಕೆ ಮಾಡಿದರು ಎಂಬುದಕ್ಕೆ ಹಲವರು ಹಲವು ಕಾರಣ ಹೇಳಿದ್ದಾರೆ. ಸಂಕೋಚದ ಸ್ವಭಾವ ಎಂದವರುಂಟು, ವಿದ್ವಾಂಸರನ್ನು ಪರೀಕ್ಷಿಸಲು ಎಂದವರೂ ಉಂಟು. ನನಗೆ ತೋರುವ ಕಾರಣ ಸರಳವಾದದ್ದು. ಹಳೆಯದು ಎಂದರೆ ಬಾಗಿಲು ತೆರೆಯುತ್ತಿತ್ತು. ಘಟ್ಟದ ಕೆಳಗೆ, ಬೇರೆ ಪ್ರಾಂತ್ಯದಲ್ಲಿ, ಇಪ್ಪತ್ತೈದು ವರ್ಷದ ಡ್ರಿಲ್ ಮಾಷ್ಟ್ರೊಬ್ಬರು ಹೊಸದಾಗಿ ಬರೆದ ಹಳಗನ್ನಡ ಗದ್ಯ ಎಂದು ಕಳಿಸಿದ್ದರೆ ಏನಾಗುತ್ತಿತ್ತೋ.

ಹಳೆಯದರ ಮೇಲಿನ ಈ ಮೋಹ ಈಗಲೂ ಇದೆ. ನಾನು ಕೆಲಸ ಮಾಡುವ ಕಡೆ ರಾಜ್ಯೋತ್ಸವಕ್ಕೆ ಯಕ್ಷಗಾನದ ಒಂದು ತಂಡವನ್ನು ಕರೆಸಿದ್ದರು. ಕರಾವಳಿಯವನೆಂದು ಪರಿಚಯ ಮಾಡಿಕೊಡುವ ಕೆಲಸ ನನ್ನ ಪಾಲಿಗೆ ಬಂತು. ಎಲ್ಲರೂ ಕೇಳಿದ್ದು ಒಂದೇ: ಇದು ಎಷ್ಟು ವರ್ಷ ಹಳೆಯದು? ಬಳ್ಳಾರಿ ಜಿಲ್ಲೆಯ ಕುರುಗೋಡಿನ ಹತ್ತಿರ ಸೋಮಸಮುದ್ರದ 1556ರ ಶಾಸನದಲ್ಲಿ ತಾಳಮದ್ದಳೆಯವರಿಗೆ ಭೂಮಿ ದಾನ ಕೊಟ್ಟ ಉಲ್ಲೇಖವಿದೆ ಎಂದೆ. ಚಪ್ಪಾಳೆ ಬಿತ್ತು. ಅಂದು ಆಡಿದ ಪ್ರಸಂಗ ಯಾರು ಬರೆದದ್ದು, ಆ ಹುಡುಗ ಹೇಳಿದ ಅರ್ಥ ಅವನ ಸ್ವಂತದ್ದೇ ಎಂದು ಯಾರೂ ಕೇಳಲಿಲ್ಲ. ಶಾಸನ ನಮ್ಮ ಹೆಮ್ಮೆ, ಸರಿ. ಆದರೆ ಯಕ್ಷಗಾನ ಉಳಿದದ್ದು 1556ರಲ್ಲಿ ಇದ್ದುದರಿಂದ ಅಲ್ಲ. ಪ್ರತಿ ತಲೆಮಾರಿನಲ್ಲಿ ಒಬ್ಬ ಪಾರ್ತಿಸುಬ್ಬ, ಒಬ್ಬ ಮುದ್ದಣ ಹೊಸ ಪ್ರಸಂಗ ಬರೆದದ್ದರಿಂದ, ಪ್ರತಿ ರಾತ್ರಿ ಯಾರೋ ಹೊಸ ಅರ್ಥ ಹೇಳಿದ್ದರಿಂದ ಉಳಿಯಿತು. ಬಯಲಾಟದವರಿಗೆ ಹೊಸ ಪ್ರಸಂಗ ಎಂದರೆ ಯಾವತ್ತೂ ನಾಚಿಕೆಯ ವಿಷಯ ಆಗಿರಲಿಲ್ಲ. ಆ ಮಣ್ಣಿನಿಂದ ಬಂದ ಕವಿಯೇ ಪಂಡಿತರ ಬಾಗಿಲಿಗೆ ಹೋಗುವಾಗ ಹೊಸದನ್ನು ಹಳೆಯದೆಂದು ಹೇಳಬೇಕಾಯಿತು. ಇದು ನನ್ನನ್ನು ಇಂದಿಗೂ ಕಾಡುತ್ತದೆ.

ಆದರೂ ಅವರ ಬಯಲಾಟ ಅವರನ್ನು ಬಿಡಲಿಲ್ಲ. ಶ್ರೀರಾಮಾಶ್ವಮೇಧ ಶುರುವಾಗುವುದು ಮಳೆಗಾಲದಲ್ಲಿ. ಹೊತ್ತು ಹೋಗದ ಮಳೆಗಾಲ. ಅರಮನೆಯಿಂದ ಬಳಲಿ ಬಂದ ಗಂಡನಿಗೆ ಮನೋರಮೆ ಉಪಚಾರ ಮಾಡಿ, ಒಂದು ಒಳ್ಳೆಯ ಕಥೆ ಹೇಳಬೇಕೆಂದು ಕೇಳುತ್ತಾಳೆ. ಯಾವ ಕಥೆ ಎಂದು ಸ್ವಲ್ಪ ಚೌಕಾಸಿ ನಡೆಯುತ್ತದೆ. ಪದ್ಯ ಬೇಡ, ಗದ್ಯದಲ್ಲಿ ಹೇಳು ಎನ್ನುತ್ತಾಳೆ. ಅವನು ದೊಡ್ಡ ದೊಡ್ಡ ಸಂಸ್ಕೃತ ಸಮಾಸಗಳಿಂದ ಶುರುಮಾಡಿದರೆ ತಡೆದು, ತಿಳಿಯುವಂತೆ ಹೇಳಬೇಕು, ಕನ್ನಡದಲ್ಲಿ ಹೇಳಬೇಕು ಎಂದು ಗದರುತ್ತಾಳೆ. ನಡುನಡುವೆ ಹಾಸ್ಯ ಮಾಡುತ್ತಾಳೆ, ಕಥೆಯ ಸೀತೆಗಾಗಿ ಮರುಗುತ್ತಾಳೆ.

ಕರಾವಳಿಯಲ್ಲಿ ಮಳೆಗಾಲ ಎಂದರೆ ಏನು? ಮೇ ತಿಂಗಳ ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಆಮೇಲೆ ಬಯಲಿನಲ್ಲಿ ಆಟವಿಲ್ಲ. ಮನೆಯ ಚಾವಡಿಯಲ್ಲಿ, ದೇವಸ್ಥಾನದ ಜಗಲಿಯಲ್ಲಿ ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಹಾಡುತ್ತಾರೆ, ಎದುರುಬದುರು ಕೂತ ಇಬ್ಬರು ಮಾತಾಡುತ್ತಾರೆ. ಒಬ್ಬ ಹೇಳಿದ್ದನ್ನು ಇನ್ನೊಬ್ಬ ಸುಮ್ಮನೆ ಒಪ್ಪುವುದಿಲ್ಲ. ಕೆಣಕುತ್ತಾನೆ, ಅರ್ಥ ಕೇಳುತ್ತಾನೆ, ಮಾತಿನ ತುದಿ ಹಿಡಿದು ಎಳೆಯುತ್ತಾನೆ. ರಂಗಸ್ಥಳದ ಆಟದಲ್ಲೂ ವೇಷ ಬಂದೊಡನೆ ನೀನು ಯಾರು, ಎಲ್ಲಿಂದ ಬಂದೆ ಎಂದು ಭಾಗವತರು ವಿಚಾರಿಸುವುದುಂಟು. ಹಾಸ್ಯಗಾರನೊಡನೆ ಅವರ ಜಗಳ ಇದ್ದದ್ದೇ. ಮನೋರಮೆ ಮಾಡುವ ಕೆಲಸ ಅದೇ. ಅವಳು ಭಾಗವತರೂ ಹೌದು, ಎದುರಾಳಿ ಅರ್ಥಧಾರಿಯೂ ಹೌದು, ಆಗಾಗ ಹಾಸ್ಯಗಾರನೂ ಹೌದು. ನಮ್ಮ ಪಂಡಿತರು ಎರಡು ಧ್ವನಿಯಲ್ಲಿ ಓದಿದ್ದು ಒಂದು ತಾಳಮದ್ದಳೆಯನ್ನೇ. ಹೊಸಗನ್ನಡದ ಮುಂಗೋಳಿ ಎಂದು ಮುದ್ದಣರನ್ನು ಕರೆಯುತ್ತಾರೆ. ಆ ಕೋಳಿ ಕೂಗಿದ್ದು ಮಳೆಗಾಲದ ಚಾವಡಿಯಿಂದ ಎಂದು ನನಗೆ ಅನ್ನಿಸುತ್ತದೆ. ತಜ್ಞರು ಒಪ್ಪುತ್ತಾರೋ ಇಲ್ಲವೋ, ಆಟ ನೋಡಿ ಬೆಳೆದವರು ಓದಿ ಹೇಳಲಿ.

ಕಥೆಯ ಮುದ್ದಣ ಅರಮನೆಯ ಕವಿ. ಬರೆದ ಮುದ್ದಣರಿಗೆ ಅರಮನೆ ಇರಲಿಲ್ಲ, ಶಾಲೆಯ ಮೈದಾನವಿತ್ತು. 1893ರಲ್ಲಿ ಶಿವಮೊಗ್ಗ ಕಡೆಯ ಕಮಲಾಬಾಯಿಯವರೊಡನೆ ಮದುವೆಯಾಗಿತ್ತು. ಮನೋರಮೆ ಅವರೇ ಎಂದು ಹೇಳುವುದುಂಟು. ಒಬ್ಬ ಮಗ. ಸಂಬಳ ಸಾಲದ ಸಂಸಾರ. ಸಾಲದ್ದಕ್ಕೆ ಕ್ಷಯ ಹಿಡಿಯಿತು. ಆಗ ಅದಕ್ಕೆ ಮದ್ದಿರಲಿಲ್ಲ. ಅಂಗಸಾಧನೆ ಕಲಿಸುತ್ತಿದ್ದ ಮೈ ಅದು. ರೋಗದ ನಡುವೆಯೂ ಬರೆಯುತ್ತಲೇ ಇದ್ದರು. ಗೋದಾವರಿ ಎಂಬ ಕಾದಂಬರಿಯನ್ನು ಕೈಗೆತ್ತಿಕೊಂಡಿದ್ದರು, ಅದು ನಮಗೆ ದಕ್ಕಲಿಲ್ಲ. 1901ರ ಫೆಬ್ರವರಿಯಲ್ಲಿ ತೀರಿಕೊಂಡಾಗ ಅವರಿಗೆ ಮೂವತ್ತೊಂದು ವರ್ಷ. ನನಗೆ ಈಗ ಅದಕ್ಕಿಂತ ಹೆಚ್ಚು ವಯಸ್ಸಾಗಿದೆ. ಈ ಸಾಲು ಬರೆಯುವಾಗ ಸ್ವಲ್ಪ ಹೊತ್ತು ಲ್ಯಾಪ್‌ಟಾಪ್ ಮುಚ್ಚಿಟ್ಟು ಕೂತಿದ್ದೆ.

ರಾಮಾಶ್ವಮೇಧ ಬರೆದ ಮುದ್ದಣ ಯಾವುದೋ ಹಿಂದಿನ ಕಾಲದ ಕವಿಯಲ್ಲ, ಉಡುಪಿಯ ಡ್ರಿಲ್ ಮಾಷ್ಟ್ರು ಲಕ್ಷ್ಮೀನಾರಾಣಪ್ಪನವರೇ ಎಂಬುದು ಕನ್ನಡ ನಾಡಿಗೆ ಖಚಿತವಾಗಿ ತಿಳಿಯುವ ಹೊತ್ತಿಗೆ ಅವರು ಇರಲಿಲ್ಲ. ತಮ್ಮ ಹೆಸರಿಗೆ ಬಂದ ಮೆಚ್ಚುಗೆಯನ್ನು ಅವರು ಕೇಳಲೇ ಇಲ್ಲ.

ಪ್ರಸಂಗಗಳ ಮಾತು ಬೇರೆ. ಮೇಳದವರು ಕವಿಯ ವಯಸ್ಸು ಕೇಳಲಿಲ್ಲ. ಕುಮಾರವಿಜಯವನ್ನು ಈಗಲೂ ಆಡುತ್ತಾರೆ, ತಾಳಮದ್ದಳೆಯಲ್ಲಿಯೂ ಅರ್ಥ ಹೇಳುತ್ತಾರೆ. ರತ್ನಾವತೀ ಕಲ್ಯಾಣವೂ ಅಲ್ಲಲ್ಲಿ ಆಗುತ್ತದೆ. ನಮ್ಮ ಶಾಲಾ ವಾರ್ಷಿಕೋತ್ಸವದ ದಿನ ಮಕ್ಕಳಿಂದ ಒಂದು ಗಂಟೆಯ ಆಟ ಮಾಡಿಸುವ ರೂಢಿ ಈಗಲೂ ಇದೆಯೆಂದು ಕೇಳಿ ಸಂತೋಷವಾಯಿತು. ಒಂದು ವರ್ಷ ಮುದ್ದಣರ ಪ್ರಸಂಗ ಆರಿಸಿಕೊಳ್ಳಬಹುದು. ಅರ್ಥವನ್ನು ಮಾತ್ರ ಮಾಷ್ಟ್ರು ಬರೆದುಕೊಟ್ಟು ಬಾಯಿಪಾಠ ಮಾಡಿಸದಿದ್ದರೆ ಒಳ್ಳೆಯದು. ಮಕ್ಕಳು ತಡವರಿಸಲಿ, ಎರಡು ಮಾತು ತಪ್ಪಲಿ, ಹೇಳುವುದನ್ನು ಅವರೇ ಹುಡುಕಿಕೊಳ್ಳಲಿ.

ಶ್ರೀರಾಮಾಶ್ವಮೇಧದ ಎರಡು ಪ್ರತಿಗಳನ್ನೂ ಅವರ ಪ್ರಸಂಗಗಳನ್ನೂ ಶಾಲೆಯ ಗ್ರಂಥಾಲಯಕ್ಕೆ ತಲುಪಿಸಿದ್ದೇನೆ. ಗಾಜಿನ ಕಪಾಟಿನಲ್ಲಿ ಬೀಗ ಹಾಕಿಡದೆ, ಜೂನ್ ತಿಂಗಳಲ್ಲಿ ಮಳೆ ಹಿಡಿದು ಆಟದ ಪೀರಿಯಡ್ ರದ್ದಾದ ದಿನಗಳಲ್ಲಿ ಮಕ್ಕಳ ಕೈಗೆ ಕೊಡಬೇಕೆಂದು ಗ್ರಂಥಾಲಯ ನೋಡಿಕೊಳ್ಳುವ ಟೀಚರಲ್ಲಿಯೂ ಪಿ.ಟಿ. ಮಾಷ್ಟ್ರಲ್ಲಿಯೂ ಕೇಳಿಕೊಂಡಿದ್ದೇನೆ.